ಫಾರ್ಮಲ್ಲಿರೋನ್ನ ಮುಟ್ಬಾರ್ದು

ಕೂತ್ಕೊಳಮ್ಮ ಮಂಜು, ಕೂತ್ಕೋ... ಈಗ್ಲೇ ಏನಂತ ಅವಸರ! ಕಾರಿನ್ನೂ ಗೇಟಿಗೇ ಬಂದಿಲ್ಲ. ಕಂಪನಿ ಟೀಮಿನ ನಿವೇದಿತಾ ಮೇಡಂ ತರ್ತೀನಿ ಅಂತ ಕೆಳಗೆ ಹೋಗಿದ್ದಾರಲ್ಲ, ಆ ಬೇಸ್‌ಮೆಂಟಿಂದ ಮೇಲಕ್ಕೆ ಹತ್ತಿಸ್ಕೊಂಡು ಬರೋದ್ರಲ್ಲಿ ಹತ್ತು ನಿಮಿಷ ಆಗುತ್ತೆ. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಿಂತ್ರೆ ಕಾರು ಹಾರ್ಕೊಂಡು ಬಂದ್ಬಿಡುತ್ತಾ? ಕೆಳಗಿಡು. ಈ ಬೆಂಚ್ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತ್ರೆ ಯಾರೂ ಏನೂ ಅನ್ನಲ್ಲ.

ಹೌದಮ್ಮ, ಕರ್ಕೊಂಡು ಹೋಗಿ ಅಂದ್ರು ಡಾಕ್ಟ್ರು. ನಾನೂ ಪಕ್ಕದಲ್ಲೇ ನಿಂತಿದ್ನಲ್ಲ, ನಂಗೇನು ಕಿವುಡಾ? ಹೆಲ್ಮೆಟ್ಟಿಗೆ ಬಾಲ್ ತಗುಲ್ತು, ಸ್ವಲ್ಪ ತಲೆ ತಿರುಗ್ತು, ನಾಲ್ಕು ಗಂಟೆ ಮಲಗ್ಸಿ ನೋಡಿದ್ರು. ಸರಿಯಾಗಿದ್ದಾನೆ, ಸ್ಕ್ಯಾನ್ ಏನೂ ಬೇಡ, ಮನೇಲಿ ಮಲಗ್ಲಿ ಅಂದ್ರು. ಎಲ್ಲಾ ಸರಿ. ನಾನೇನು ಅಲ್ಲ ಅಂದ್ನಾ? ಇನ್ನೊಂದರ್ಧ ಗಂಟೆ ಇರಾಣ ಅಂದೆ, ಅಷ್ಟೇ. ಗಂಡ ಎಲ್ಲಿಗೂ ಓಡೋಗಲ್ಲ, ಈ ಬಾಗಿಲಾಚೆ ಮಂಚದ ಮೇಲೇ ಇದ್ದಾನೆ.

ಯಾಕೆ ನಗ್ತೀಯಾ?

ಓ... ಹೆಸರಿನ ವಿಷ್ಯಕ್ಕಾ! ನಗಮ್ಮ, ನಗು. "ಏನಪ್ಪ ನಿನ್ನ ಹೆಸರು" ಅಂತ ಡಾಕ್ಟ್ರು ಕಣ್ಣಿಗೆ ಟಾರ್ಚ್ ಬಿಟ್ಕೊಂಡು ಕೇಳಿದ್ರೆ, "ಶಶಿಕುಮಾರ್ ಸಾರ್" ಅಂತಾನಲ್ಲ! ಒಂಚೂರೂ ತಡವರಿಸ್ಲಿಲ್ಲ. ನಿವೇದಿತಾ ಮೇಡಂ ಅಂತೂ "ಅಬ್ಬಾ ಬಚಾವಾದ್ವಿ" ಅನ್ನೋ ಅಂಗೆ ನನ್ನ ಮುಖ ನೋಡಿದ್ರು. ನೀನು ಆ ಕಡೆ ತಿರುಗಿ ಸೆರಗು ಬಾಯಿಗಿಟ್ಕೊಂಡೆ, ನಾನು ನೋಡ್ದೆ. ಡಾಕ್ಟ್ರು ಫೈಲಲ್ಲಿ ಬರ್ಕೊಂಡ್ರು, ಹೆಸರು ಸರಿಯಾಗಿ ಹೇಳ್ತಾನೆ, ಬುದ್ಧಿ ಸ್ಥಿಮಿತದಲ್ಲಿದೆ ಅಂತ.

ಮೆತ್ತಗೆ, ಮೆತ್ತಗೆ ಮಾತಾಡು! ಮುನಿ ಅನ್ಬೇಡ ಇಲ್ಲಿ. ಆ ಸಿಸ್ಟರ್ ಕಿವಿ ಈ ಕಡೇನೇ ಇದೆ. ಫೈಲ್ ಮೇಲೆ ಶಶಿಕುಮಾರ್ ಅಂತ ಇದೆ, ಇಲ್ಲಿಂದ ಹೊರಗೆ ಹೋಗೋವರೆಗೂ ಅವನು ಶಶಿಕುಮಾರೇ. ಏನ್ ಮಾಡೋದು, ಅಡ್ಮಿಟ್ ಮಾಡ್ವಾಗ ಗಾಬರೀಲಿ ಮೇಡಂ ಅವನ ಕೊರಳಲ್ಲಿದ್ದ ಕಂಪನಿ ಕಾರ್ಡನ್ನೇ ಕೊಟ್ಬಿಟ್ರು. ಆ ಕಾರ್ಡಿನ ನಿಜವಾದ ಶಶಿಕುಮಾರ್ ಇದ್ದಾನಲ್ಲ, ಪುಣ್ಯಾತ್ಮ, ಅವನು ಮೈಸೂರಲ್ಲಿ ಮನೇಲಿ ಕೂತ್ಕೊಂಡು ಕಂಪ್ಯೂಟರ್ ಕುಟ್ತಾ ಇರ್ತಾನೆ. ಬ್ಯಾಟ್ ಯಾವ ತುದಿ ಹಿಡೀಬೇಕು ಅಂತ್ಲೂ ಗೊತ್ತಿಲ್ವಂತೆ! ಅವನ ಹೆಸರಲ್ಲಿ ನಮ್ಮೋನು ಸೀಸನ್ನಿಗೆ ಆರ್ನೂರ ಚಿಲ್ಲರೆ ರನ್ ಹೊಡ್ದವ್ನೆ. ಟೂರ್ನಮೆಂಟು ಕಂಪನಿ ನೌಕರರಿಗೆ ಮಾತ್ರ, ಕಾರ್ಡಿಲ್ದೆ ಗ್ರೌಂಡ್ ಒಳಗೆ ಬಿಡಲ್ಲ. ಅದಕ್ಕೇ ಐದು ದಿನ ಜಿಗಣೀಲಿ ಲೇತ್ ಮುಂದೆ ಮುನೀಂದ್ರ, ಶನಿವಾರ ಭಾನುವಾರ ಶಶಿಕುಮಾರ್. ನಿಂಗೆ ಗೊತ್ತಿರೋದೇ. ಟೀಮಲ್ಲೆಲ್ಲಾ ಶಶಿ ಶಶಿ ಅಂತಾನೇ ಕರೀತಾರೆ, ಅವನೂ ಅದಕ್ಕೇ ತಿರುಗಿ ನೋಡ್ತಾನೆ.

ಇವತ್ತಿನ ಫೈನಲ್ ಗೆದ್ದಿದ್ರೆ ಸ್ವಂತ ಹೆಸರಲ್ಲೇ ಕೆಲಸ ಕೊಡ್ಸ್ತೀನಿ ಅಂದಿದ್ರು ಮೇಡಂ. ಸ್ವಂತ ಫೋಟೋ ಹಾಕಿ ಕಾರ್ಡು. ಗೆದ್ರು ಬಿಡು, ಇವನನ್ನ ಇಲ್ಲಿಗೆ ತಂದ ಮೇಲೆ ಉಳಿದೋರು ಎಂಗೋ ಗೆದ್ರು. ಬುಧವಾರ ಆಫೀಸಿಗೆ ಬಾ ಅಂದಿದ್ದಾರೆ. ಬುಧವಾರಕ್ಕೆ ಇನ್ನು ಮೂರೇ ದಿನ... ಏನಿಲ್ಲ. ಸುಮ್ನೆ ಹೇಳ್ದೆ.

ಟೈಮ್ ಯಾಕೆ ನೋಡ್ತೀಯಾ? ಇನ್ನೂ ನಾಲ್ಕೂವರೆ. ಇರು, ಕಾಫಿ ತರ್ಲಾ? ಬೇಡ್ವಾ. ಬೇಡ ಬಿಡು, ನಂಗೂ ಬೇಡ, ಇಳಿಯಲ್ಲ. ಬೆಳಿಗ್ಗೆ ತಿಂದ ಇಡ್ಲೀನೇ ಇನ್ನೂ ಅಂಗೇ ಇದೆ. ನಲವತ್ತೆಂಟಾಯ್ತು ಕಣಮ್ಮ ನಿನ್ನ ಸೋದರಮಾವನಿಗೆ, ಮೊದಲಿನಂಗೆ ಎಲ್ಲಾ ಇಳಿಯುತ್ತಾ!

ನೀನು ಮೊನ್ನೆ ಕೇಳಿದ್ಯಲ್ಲ ನನ್ನ, ಯಾವಾಗ್ ನೋಡಿದ್ರೂ ಫಾರ್ಮು ಫಾರ್ಮು ಅಂತೀರಲ್ಲ ಮಾವ, ಅಂಗಂದ್ರೆ ಏನು ಅಂತ. ಈಗ ಹೇಳ್ತೀನಿ ಕೇಳು, ಹೊತ್ತೂ ಹೋಗುತ್ತೆ. ಜನ ಏನಂದ್ಕೊಳ್ತಾರೆ? ಜೋರಾಗಿ ಹೊಡೆಯೋದೇ ಫಾರ್ಮು ಅಂತ. ಅಲ್ಲ. ರನ್ನೂ ಅಲ್ಲ. ಎರಡು ಮ್ಯಾಚಲ್ಲಿ ರನ್ ಬರೋದು ಅದೃಷ್ಟ, ಬರುತ್ತೆ ಹೋಗುತ್ತೆ. ಫಾರ್ಮು ಅಂದ್ರೆ ಮೈಯೊಳಗೆ ಅವಸರ ಅನ್ನೋದೇ ಇಲ್ದೇ ಇರೋದು. ಪ್ರಾಕ್ಟೀಸಲ್ಲಿ ನಾನು ಬಾಲ್ ಹಾಕೋಕೆ ಓಡಿ ಬರ್ತಿದ್ರೆ ನನ್ನ ಮಣಿಕಟ್ಟು ನೋಡೇ ನಮ್ಮೋನ ಕಾಲು ಬಾಲ್ ಬೀಳೋ ಜಾಗಕ್ಕೆ ಹೋಗ್ಬಿಟ್ಟಿರೋದು. ಬಾಲ್ ಇನ್ನೂ ನನ್ನ ಕೈಯಲ್ಲೇ ಇದೆ! "ಏನೋ ನೋಡ್ದೆ" ಅಂದ್ರೆ "ಏನೂ ನೋಡ್ಲಿಲ್ಲ ಮಾವ, ಸುಮ್ನೆ ನಿಂತಿದ್ದೆ" ಅನ್ನೋನು. ಕಳ್ಳ ನನ್ಮಗ! ಸುಮ್ನೆ ನಿಂತಿದ್ನಂತೆ!

ನೀನೇ ಹೇಳಿದ್ಯಲ್ಲ, ಅಡುಗೆಮನೇಲಿ ಸ್ಟ್ಯಾಂಡಿಂದ ಲೋಟ ಬಿದ್ರೆ ಫೋನ್ ನೋಡ್ತಾನೇ ಎಡಗೈಲಿ ಹಿಡ್ಕೊಂಡ ಅಂತ. ಮುದ್ದೆ ತಿನ್ನೋವಾಗ್ಲೂ ಈಗ ನಿಧಾನ ಮಾಡ್ತಾನೆ, ಜಗಳಾನೇ ಆಡಲ್ಲ, ಬೆಡ್‌ಶೀಟ್ ಕೂಡ ಮಡಿಚಿಡ್ತಾನೆ ಅಂತ ನಿಮ್ಮಮ್ಮನ ಹತ್ರ ಹೇಳ್ಕೊಂಡು ನಗ್ತಿದ್ಯಲ್ಲ. ಅದೇ ಕಣಮ್ಮ ಫಾರ್ಮು. ಗ್ರೌಂಡಿಂದ ಮನೇವರ್ಗೂ ಬರುತ್ತೆ.

ನಂಗೂ ಬಂದಿತ್ತು ಒಂದ್ಸಲ. ಇಪ್ಪತ್ತನೇ ವಯಸ್ಸಲ್ಲಿ. ಹತ್ತೊಂಬತ್ತು ದಿನ, ಎಣಿಸಿದ್ದೀನಿ. ಹೆಬ್ಬಗೋಡಿ ಕೆರೆ ಪಕ್ಕದ ಗ್ರೌಂಡಲ್ಲಿ ನಾನು ಓಡಿ ಬರ್ತಾ ಇದ್ರೆ ಬ್ಯಾಟು ಹಿಡ್ದೋರು ಹೆದರ್ಕೊಂಡು ಒಂದೊಂದೇ ಹೆಜ್ಜೆ ಲೆಗ್ ಕಡೆ ಜರುಗೋರು. ಇಪ್ಪತ್ತನೇ ದಿನ ಬೆಳಿಗ್ಗೆ ಹೋದೆ. ಅದೇ ಕೈ, ಅದೇ ಗ್ರೌಂಡು, ಅದೇ ಶೂ. ಬಾಲ್ ಅಂದ್ಕೊಂಡ ಕಡೆ ಹೋಗ್ಲಿಲ್ಲ. ಮಾರನೇ ದಿನಾನೂ ಹೋಗ್ಲಿಲ್ಲ. ಏನಾಯ್ತು, ಎಲ್ಲಿ ಹೋಯ್ತು, ಯಾರನ್ನ ಕೇಳೋದು? ಅವತ್ತು ಹೋಗಿದ್ದು ಮತ್ತೆ ಬರ್ಲೇ ಇಲ್ಲ. ಇಪ್ಪತ್ತೆಂಟು ವರ್ಷ ಫ್ಯಾಕ್ಟರೀಲಿ ಬೋಲ್ಟು ಬಿಗೀತಾ ಅದೇ ಯೋಚ್ನೆ ಮಾಡಿದ್ದೀನಿ, ಅವತ್ತು ಬೆಳಿಗ್ಗೆ ನಾನು ಏನು ಬೇರೆ ಮಾಡ್ದೆ ಅಂತ.

ಅದಕ್ಕೇ ಇವನಿಗೆ ಬಂದಾಗ ನಂಗೆ ಖುಷಿಗಿಂತ ಜಾಸ್ತಿ ಭಯಾನೇ ಆಗಿದ್ದು. ಫಾರ್ಮ್ ಬಂದೋನಿಗೆ ಭಯ ಇರಲ್ಲ ಮಂಜು, ಭಯ ಎಲ್ಲಾ ಅವನ ಸುತ್ತ ಇರೋರಿಗೆ. ಏನೂ ಬದಲಾಯಿಸ್ಬಾರ್ದು. ಅದೇ ಬಸ್ ಸ್ಟಾಪ್ ಹಿಂದಿನ ಅಂಗಡೀಲೇ ಟೀ. ಅದೇ ಜರ್ಸಿ, ಒಗೀಬಾರ್ದು. ನೀನು ನಾರ್ತಿದೆ ಅಂತ ನೆನೆಸೋಕೆ ಹಾಕ್ದಾಗ ಕೂಗಾಡ್ಬಿಟ್ಟೆ, ತಪ್ಪಾಯ್ತಮ್ಮ. ಚೆನ್ನಾಗಿ ಆಡ್ತಿದ್ದೀಯ ಅಂತ ಯಾರೂ ಅನ್ಬಾರ್ದು, ನಾನಂತೂ "ಯಾವನೋ ನಿಂಗೆ ಬ್ಯಾಟ್ ಕೊಟ್ಟೋನು" ಅಂತ ಬೈತಾನೇ ಇದ್ದೆ. ಅವನಿಗೂ ಗೊತ್ತು, ಬೈಸ್ಕೊಂಡು ನಗೋನು. ಜ್ವರ ಬಂದ್ರೂ ಡಾಕ್ಟ್ರ ಹತ್ರ ಹೋಗ್ಬಾರ್ದು, ಮಾತ್ರೆ ಏನಾದ್ರೂ ಹೆಚ್ಚುಕಮ್ಮಿ ಮಾಡ್ಬಿಟ್ರೆ? ಅಂಗೆ... ಮುಟ್ಬಾರ್ದು. ಫಾರ್ಮಲ್ಲಿರೋನ್ನ ಯಾರೂ ಮುಟ್ಬಾರ್ದು. ಅಷ್ಟೇ ನಂಗೆ ಗೊತ್ತಿದ್ದಿದ್ದು.

ನಿನ್ನೆ ಸೆಮಿಫೈನಲ್ ನೀನು ನೋಡ್ಬೇಕಿತ್ತು. ನೀನು ಕೆಲಸ ಮಾಡೋ ಮಾರ್ಟಲ್ಲಿ ರಜಾ ಕೊಡ್ಲಿಲ್ಲ ನಿಂಗೆ. ತೊಂಬತ್ತೊಂದು! ಒಂದು ಬಾಲೂ ಮಿಸ್ ಮಾಡ್ಲಿಲ್ಲ. ಮಧ್ಯೆ ನೀರು ತಗೊಂಡು ಹೋಗಿದ್ದೆ ನಾನು. ಹೇಳ್ತಾನೆ, "ಮಾವ, ಎರಡೆರಡು ಬಾಲ್ ಬರ್ತಾವೆ. ಒಳಗಡೇದನ್ನ ಹೊಡೀತೀನಿ, ಸರಿಯಾಗಿ ತಗುಲುತ್ತೆ" ಅಂತ! ಎರಡು ಬಾಲಲ್ಲಿ ಒಳಗಡೇದನ್ನ ಆರಿಸಿ ಹೊಡೀತಾನೆ ಅಂದ್ರೆ ಎಂಥಾ ಫಾರ್ಮಲ್ಲಿ ಇರ್ಬೇಕು ಅವನು! ಗುರುವಾರದಿಂದ ಅಂಗೇ...

ಏನು?

ಎರಡು ಬಾಲು ಅಂದ್ರೆ... ಅದು ಸುಮ್ನೆ ಮಾತಿಗೆ ಕಣಮ್ಮ. ಆಟಗಾರರ ಮಾತು. ಗುರುವಾರ ಅಂದ್ನಾ ನಾನು? ಶನಿವಾರ ಅನ್ನೋಕೆ ಹೋಗಿ ಗುರುವಾರ ಅಂದೆ. ಬಾಯಿ ತಪ್ಪು. ವಯಸ್ಸಾಯ್ತು ನಂಗೆ.

ಅಂಗೆ ನೋಡ್ಬೇಡ ಮಂಜು.

ಇಲ್ಲಮ್ಮ, ಏನೂ ಮುಚ್ಚಿಡ್ತಿಲ್ಲ. ಬೇಗೂರಲ್ಲಿ ನಿನ್ನ ಮದುವೆ ಮಾಡ್ಸಿದ್ದು ಯಾರು? ಹುಡುಗನ್ನ ಹುಡುಕಿದ್ದು ಯಾರು? ಈ ಆಂಜಿನಪ್ಪ ತಾನೆ? ನಿಮ್ಮಮ್ಮ ಆಟ ಆಡ್ಕೊಂಡು ತಿರುಗೋನು ಬೇಡ ಅಂದ್ರೆ, ಇಲ್ಲ ಅಕ್ಕ, ಒಳ್ಳೇ ಹುಡುಗ, ನನ್ನ ಜವಾಬ್ದಾರಿ ಅಂತ ಎದೆ ತಟ್ಕೊಂಡಿದ್ದು ನಾನೇ ತಾನೆ? ನಾನು ನಿಂಗೆ...

ಹೌದು. ಶುಕ್ರವಾರ ಊಟ ಮಾಡ್ವಾಗ ಸಾರು ತಟ್ಟೆ ಆಚೆ ಹಾಕ್ಕೊಂಡ ಅಂತ ನೀನು ಫೋನಲ್ಲಿ ಹೇಳಿದ್ದೆ. ಲೈಟ್ ಆರ್ಸು ಅಂತಿದ್ದ, ಏಳು ಗಂಟೆಗೇ ಮಲಗ್ದ ಅಂತ್ಲೂ ಹೇಳಿದ್ದೆ. ನೆನಪಿದೆ. ಸುಸ್ತಾಗಿರ್ಬೇಕು ಬಿಡು ಅಂದೆ ನಾನು. ಅಂದೆ. ನಿಜ.

ಮಾತಾಡಮ್ಮ. ಬೈಯಾದ್ರೂ ಬೈ.

ಇವತ್ತಿನದು ಮೊದಲ್ನೇ ಏಟಲ್ಲ.

ಇರು! ಏಳ್ಬೇಡ! ಕೈ ಮುಗೀತೀನಿ, ಪೂರ್ತಿ ಕೇಳು. ಅರ್ಧ ಹೇಳಿ ಬಿಟ್ರೆ ಇನ್ನೂ ಕೆಟ್ಟದಾಗುತ್ತೆ. ಗುರುವಾರ ಬೆಳಿಗ್ಗೆ ಪ್ರಾಕ್ಟೀಸ್ ಮಾಡ್ವಾಗ, ಆರೂಕಾಲು ಆಗಿತ್ತು. ನಾವಿಬ್ಬರೇ. ಇಬ್ಬನಿ ಬಿದ್ದು ಬಾಲೆಲ್ಲಾ ತೇವ. ಕೈ ಜಾರ್ತು ನಂದು. ಹೆಲ್ಮೆಟ್ ಹಾಕಿರ್ಲಿಲ್ಲ ಅವನು, ಮಾವನ ಬಾಲಿಗೆ ಹೆಲ್ಮೆಟ್ಟಾ ಅಂತ ತಮಾಷೆ ಮಾಡ್ಕೊಂಡು ಬರೀ ಟೋಪೀಲಿ ನಿಂತಿದ್ದ. ಇಲ್ಲಿ, ಕಿವಿ ಮೇಲೆ ತಗುಲ್ತು. ಆ ಸದ್ದು... ಬ್ಯಾಟಿಗೆ ತಗುಲಿದ ಸದ್ದಲ್ಲ ಅದು, ಬೇರೆ. ಬಿದ್ದ. ಎಷ್ಟು ಹೊತ್ತು ಬಿದ್ದಿದ್ದ ಅಂತ ಹೇಳೋಕಾಗಲ್ಲ ಮಂಜು. ಒಂದು ನಿಮಿಷ ಇರ್ಬಹುದು, ಎರಡು ಇರ್ಬಹುದು. ನಾನು ಮುನಿ ಮುನಿ ಅಂತ ಕೂಗ್ಕೊಂಡು ಬಾಟ್ಲಿ ನೀರೆಲ್ಲಾ ಮುಖಕ್ಕೆ ಸುರ್ದೆ. ಕಣ್ಣು ಬಿಟ್ಟ. ಎದ್ದು ಕೂತ್ಕೊಂಡು ವಾಂತಿ ಮಾಡ್ಕೊಂಡ. ಆಮೇಲೆ ನಕ್ಕ.

ಆಸ್ಪತ್ರೆಗೆ ಹೋಗಾಣ ಅಂದೆ ಕಣಮ್ಮ! ಸ್ಕೂಟರ್ ಸ್ಟಾರ್ಟ್ ಕೂಡ ಮಾಡ್ದೆ! ಅವನು ಕೀ ಕಿತ್ಕೊಂಡ. "ಶನಿವಾರ ಸೆಮಿಫೈನಲ್ಲು, ಭಾನುವಾರ ಫೈನಲ್ಲು, ಈಗ ಡಾಕ್ಟ್ರ ಹತ್ರ ಹೋದ್ರೆ ಹದಿನೈದು ದಿನ ಆಡ್ಬೇಡ ಅಂತಾರೆ. ಅಷ್ಟರಲ್ಲಿ ಇದು ಹೋಗ್ಬಿಡುತ್ತೆ ಮಾವ. ನಿಂಗೆ ಹೋಯ್ತಲ್ಲ ಅಂಗೆ ಹೋಗ್ಬಿಡುತ್ತೆ." ನಿಂಗೆ ಹೋಯ್ತಲ್ಲ ಅಂಗೆ ಅಂದ.

ಆಮೇಲೆ ನನ್ನ ಕೈ ಹಿಡ್ಕೊಂಡು ಅವನ ತಲೆ ಮೇಲೆ ಇಟ್ಕೊಂಡ. ಬಲವಂತವಾಗಿ. ಬಾವು ಬಂದಿದ್ದು ನನ್ನ ಅಂಗೈಗೆ ಬಿಸಿಯಾಗಿ ತಗುಲ್ತಿತ್ತು. "ನನ್ನ ತಲೆ ಮೇಲೆ ಆಣೆ ಮಾಡು. ಮಂಜುಗೆ ಹೇಳಲ್ಲ, ಮೇಡಂಗೆ ಹೇಳಲ್ಲ, ಯಾರಿಗೂ ಹೇಳಲ್ಲ ಅಂತ." ಮಾಡ್ದೆ. ಮಾಡ್ಬಿಟ್ಟೆ ಮಂಜು.

ಅದಕ್ಕೇ! ಅದಕ್ಕೇ ಹೇಳೋಕಾಗ್ಲಿಲ್ಲ! ನಿಂಗೆ ಗೊತ್ತಿಲ್ವಾ ನಮ್ಮನೇಲಿ ಆಣೆ ಅಂದ್ರೆ ಏನು ಅಂತ? ನಿಮ್ಮಮ್ಮ ಅಂಜನಮ್ಮ ತಮಾಷೆಗೂ ಮಕ್ಕಳ ತಲೆ ಮುಟ್ಟಿ ಮಾತಾಡಲ್ಲ. ಆಣೆ ತಪ್ಪಿದ್ರೆ ಮಾಡಿದೋನಿಗಲ್ಲ, ಆ ತಲೆಗೇ ಬರುತ್ತೆ. ಈ ತಲೆಗೆ! ಇದೇ ತಲೆಗೆ! ಬಂದಾಗ್ಲೇ ಡಾಕ್ಟ್ರು ಕೇಳಿದ್ರಲ್ಲ, ಇದಕ್ಕೆ ಮುಂಚೆ ತಲೆಗೆ ಏನಾದ್ರೂ ಏಟು ಬಿದ್ದಿತ್ತಾ, ಪ್ರಜ್ಞೆ ತಪ್ಪಿದ್ನಾ, ವಾಂತಿ ಆಯ್ತಾ ಅಂತ. ನೀನು ನನ್ನ ಮುಖ ನೋಡ್ದೆ. ಹೇಳ್ಬಿಡಾಣ ಅಂತ ಬಾಯಿ ತೆರ್ದೆ. ಹೇಳಿದ್ರೆ ಆಣೆ ತಪ್ಪುತ್ತೆ, ಅವನ ತಲೆ. ಹೇಳ್ದಿದ್ರೂ ಅವನ ತಲೆ. "ಇಲ್ಲ ಸಾರ್, ಇದೇ ಮೊದಲು" ಅಂದ್ಬಿಟ್ಟೆ. ಅದಕ್ಕೇ ಅವರು ಸ್ಕ್ಯಾನ್ ಬೇಡ ಅಂದಿದ್ದು. ಅವರ ತಪ್ಪಿಲ್ಲ. ನಾನು ಹೇಳಿದ್ದನ್ನ ನಂಬಿದ್ರು, ಅಷ್ಟೇ.

ಅಳ್ತಿದ್ದೀಯಾ? ಅಳ್ತಿಲ್ಲ. ಅಳೋದೂ ಇಲ್ವಲ್ಲಮ್ಮ ನೀನು...

ಇನ್ನೊಂದಿದೆ. ಅದನ್ನೂ ಹೇಳ್ಬಿಡ್ತೀನಿ, ಆಮೇಲೆ ನೀನು ಏನ್ ಬೇಕಾದ್ರೂ ಮಾಡು. ಆಗ್ಲೇ ನೀನು ಮಾತ್ರೆ ತರೋಕೆ ಕೆಳಗೆ ಹೋದ್ಯಲ್ಲ, ಮೇಡಂ ಬಿಲ್ ಕೌಂಟರಲ್ಲಿದ್ರು, ನಾನೊಬ್ಬನೇ ಒಳಗೆ ಹೋದೆ. ಆಣೆ ಇಟ್ಟೋನೇ ಆಣೆ ಬಿಡಿಸ್ಬಹುದು ತಾನೆ? ಅವನೇ ಬಾಯಲ್ಲಿ ಬಿಟ್ಟೆ ಅಂದ್ಬಿಟ್ರೆ ನಾನು ಓಡೋಗಿ ಡಾಕ್ಟ್ರ ಕಾಲು ಹಿಡ್ಕೊಂಡು ಎಲ್ಲಾ ಹೇಳ್ಬಿಡ್ತಿದ್ದೆ. ಕೇಳ್ದೆ. "ಮುನಿ, ಗುರುವಾರದ್ದು ಆಣೆ ಬಿಟ್ಬಿಡಪ್ಪ. ಹೇಳ್ಬಿಡ್ತೀನಿ ಕಣೋ. ಕಾರ್ಡು ಹೋದ್ರೆ ಹೋಗ್ಲಿ." ನನ್ನನ್ನ ನೋಡ್ತಾ ಇದ್ದ. ನಗ್ತಾ ಇದ್ದ. "ಯಾವ ಆಣೆ?" ಅಂದ.

ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. ಮಾಡೋನೇ ಅಲ್ವಾ! "ಲೇ, ಗ್ರೌಂಡಲ್ಲಿ, ಗುರುವಾರ, ಬಾಲ್ ತಗುಲ್ತಲ್ಲೋ" ಅಂದೆ. "ಗ್ರೌಂಡಾ" ಅಂದ. ಅಷ್ಟೇ. ಬಾಗಿಲು ಹಾಕ್ದೆ. ಹತ್ರ ಹೋಗಿ ಕಿವೀಲಿ ಕೇಳ್ದೆ. "ಇಲ್ಲಿ ಯಾರೂ ಇಲ್ಲ ಕಣೋ. ಡಾಕ್ಟ್ರಿಲ್ಲ, ಮೇಡಂ ಇಲ್ಲ. ನಾನು, ನಿನ್ನ ಮಾವ. ಈಗ ಹೇಳು. ನಿನ್ನ ಹೆಸರೇನು?"

ಶಶಿಕುಮಾರ್ ಅಂದ.

"ಲೇ ಮುನಿ, ನಾನು ಕಣೋ ಆಂಜಿನಪ್ಪ, ನಿಜವಾದ ಹೆಸರು ಹೇಳೋ" ಅಂದೆ. "ಶಶಿಕುಮಾರ್ ಸಾರ್" ಅಂದ. ಸಾರ್ ಅಂದ ಮಂಜು ನಂಗೆ. ಅವಾಗ ಡಾಕ್ಟ್ರ ಮುಂದೆ ನಾವೆಲ್ಲಾ ನಕ್ವಲ್ಲ, ಎಂಥಾ ಕಿಲಾಡಿ, ಎಂಗೆ ನಾಟಕ ಮಾಡ್ತಾನೆ ಅಂತ... ಅವನು ನಾಟಕ ಮಾಡ್ತಿರ್ಲಿಲ್ಲ. ಡಾಕ್ಟ್ರು ಹೆಸರು ಸರಿ ಇದೆ ಅಂತ ಬರ್ಕೊಂಡ್ರು. ಅವರ ಫೈಲಿಗೆ ಅದು ಸರೀನೇ. ತಪ್ಪು ಅಂತ ಗೊತ್ತಿದ್ದೋರು ನಾವು ಮೂರೇ ಜನ. ಮೂರೂ ಜನ ನಕ್ಕೊಂಡು ನಿಂತಿದ್ವಿ.

ಅರ್ಧ ಗಂಟೆಯಿಂದ ನಿನ್ನನ್ನ ಈ ಬೆಂಚಲ್ಲಿ ಕೂರ್ಸ್ಕೊಂಡು ಏನೇನೋ ವದರ್ತಿದ್ದೀನಿ, ಯಾಕೆ ಗೊತ್ತಾ? ಅಷ್ಟರಲ್ಲಿ ಅವನಿಗೇ ಸರಿಹೋಗ್ಬಹುದು ಅಂತ. ನಿದ್ದೆಗಣ್ಣಲ್ಲಿ ಅಂದಿರ್ಬಹುದು ಅಂತ. ಟೀಮಲ್ಲಿ ಶಶಿ ಶಶಿ ಅಂತ ಕರ್ದು ಕರ್ದು ಅಭ್ಯಾಸ ಆಗಿರ್ಬಹುದು ಅಂತ. ಅಂಗೂ ಇರ್ಬಹುದು ಅಲ್ವಾ? ಇರ್ಬಹುದಲ್ವಾ ಮಂಜು? ನಂಗೆ ಮತ್ತೆ ಒಳಗೆ ಹೋಗಿ ಕೇಳೋಕೆ ಧೈರ್ಯ ಇಲ್ಲಮ್ಮ.

ನೀನು ಹೋಗು. ಹೋಗಿ ಕೇಳು. ಅವನ ಹೆಸರು ಕೇಳ್ಬೇಡ, ಅದನ್ನ ಕೇಳಿ ಪ್ರಯೋಜನ ಇಲ್ಲ. ನಾನ್ಯಾರು ಅಂತ ಕೇಳು. ಹತ್ರ ಕೂತ್ಕೋ, ಗಾಬರಿ ಮಾಡ್ಬೇಡ, ಬೆಳಕಿನ ಕಡೆ ಮುಖ ಮಾಡ್ಕೊಂಡು ಕೂತ್ಕೊಂಡು, ನಾನ್ಯಾರು ಹೇಳಿ ಅಂತ ಕೇಳು. ಎರಡು ವರ್ಷ ಸಂಸಾರ ಮಾಡಿದ್ದಾನೆ, ನಿನ್ನನ್ನ ಮರೀತಾನಾ! ಮಂಜು ಅಂತ ಅವನು ಅಂದ್ಬಿಟ್ರೆ ಸಾಕು. ಹೋಗು, ಬ್ಯಾಗ್ ನಾನ್ ಹಿಡ್ಕೊಂಡಿರ್ತೀನಿ.

ಅಪ್ಪಾ... ದೇವ್ರೇ... ಬಾಗಿಲು ಹಾಕ್ಕೊಂಡ್ಳು. ಕಾಣ್ತಿದೆ, ಗಾಜಲ್ಲಿ ಅವಳ ಬೆನ್ನು ಕಾಣ್ತಿದೆ. ಕೂತ್ಕೊಂಡ್ಳು. ಅವನ ಕೈ ಹಿಡ್ಕೊಂಡ್ಳು. ಮಾತಾಡ್ತಿದ್ದಾನೆ... ಮಾತಾಡ್ತಿದ್ದಾನೆ ಮುನಿ! ನಗ್ತಾನೂ ಇದ್ದಾನೆ! ಹೇಳು ಕಣೋ, ಮಂಜು ಅನ್ನೋ. ಒಂದ್ಸಲ ಅನ್ನೋ. ಇನ್ನು ಜನ್ಮದಲ್ಲಿ ಬಾಲ್ ಮುಟ್ಟಲ್ಲ, ಗ್ರೌಂಡ್ ಕಡೆ ತಲೆ ಹಾಕಿ ಮಲಗಲ್ಲ, ಅನ್ನೋ...

ಬಂದ್ಯಾ.

ಏನಂದ?

ನಗ್ತಿದ್ದ ಅಲ್ವಾ? ನಾನು ಗಾಜಲ್ಲಿ ನೋಡ್ದೆ. ನಕ್ಕೊಂಡು ಏನೋ ಹೇಳ್ದ. ಗೊತ್ತಾಯ್ತು ತಾನೆ ಅವನಿಗೆ ನೀನು ಯಾರು ಅಂತ?

ಮಂಜು?

ಹೇಳಮ್ಮ. ಏನಾದ್ರೂ ಹೇಳು. ಮೇಡಂ... ಮೇಡಂ ಅಂದ್ನಾ ನಿನ್ನ?

ಬೇಡ. ಬೇಡ ಬಿಡು. ಹೇಳ್ಬೇಡ. ಕೂತ್ಕೋ, ಗೋಡೆ ಹಿಡ್ಕೋ... ಸಿಸ್ಟರ್! ಸಿಸ್ಟರ್, ಡಾಕ್ಟ್ರನ್ನ ಕರೀರಿ! ಓಡಿ ಸಿಸ್ಟರ್! ಶಶಿಕುಮಾರ್ ಅಲ್ಲ ಅವನು, ಫೈಲು ಸುಳ್ಳು, ಕಾರ್ಡು ಸುಳ್ಳು, ಅವನ ಹೆಸರು ಮುನೀಂದ್ರ! ಒಂದೇಟಲ್ಲ ಅವನಿಗೆ ಬಿದ್ದಿರೋದು, ಎರಡು! ಮೊದಲ್ನೇದು ಗುರುವಾರ ಬೆಳಿಗ್ಗೆ, ಬಲಗಿವಿ ಮೇಲೆ, ಹೆಲ್ಮೆಟ್ ಇಲ್ದೆ. ಪ್ರಜ್ಞೆ ತಪ್ಪಿತ್ತು, ವಾಂತಿ ಆಗಿತ್ತು, ನಾಲ್ಕು ದಿನದಿಂದ ಕಣ್ಣಿಗೆ ಎಲ್ಲಾ ಎರಡೆರಡು ಕಾಣ್ತಿತ್ತು. ಬರ್ಕೊಳ್ಳಿ ಸಿಸ್ಟರ್, ಬೇಗ ಬರ್ಕೊಳ್ಳಿ. ನಂಗೆಂಗೆ ಗೊತ್ತಾ? ಬಾಲ್ ಹಾಕಿದ್ದೇ ನಾನು. ಕೈ ಜಾರಿಲ್ಲ ಸಿಸ್ಟರ್. ಮಂಜು, ಕೈ ಜಾರಿದ್ದಲ್ಲಮ್ಮ. ಮೂರು ವಾರ, ನನ್ನ ಹತ್ತೊಂಬತ್ತು ದಿನಕ್ಕೂ ಜಾಸ್ತಿ, ನನ್ನ ಒಂದು ಬಾಲನ್ನೂ ಹೊಡೀದೆ ಬಿಟ್ಟಿರ್ಲಿಲ್ಲ ಅವನು. ಇಪ್ಪತ್ತೆರಡು ಗಜದಿಂದ ಹಾಕೋ ಬದಲು ಹದಿನೈದು ಗಜದ ಹತ್ರಕ್ಕೆ ಓಡಿ ಬಂದು, ಅವನಿಗೆ ನೋಡೋಕೂ ಆಗ್ದಿರೋ ಅಂಗೆ, ನನ್ನ ಕೈಲಿರೋ ಶಕ್ತಿಯೆಲ್ಲಾ ಹಾಕಿ ತಲೆಗೇ ಹಾಕ್ದೆ.